ರೋಗವರ್ಗೀಕರಣದ ಇತಿಹಾಸ ಮತ್ತು ಉದರದ ಅಭಿಧಮನಿಗಳಲ್ಲಿನ ರಕ್ತದ ಹೆಪ್ಪು

ಮರಣಸಂಖ್ಯೆಯ ಪಟ್ಟಿಗಳನ್ನು ಇತಿಹಾಸದ ಆಕರಗಳನ್ನಾಗಿ ಬಳಸುವವರು ಅಂಕಿಗಳನ್ನು ಪರೀಕ್ಷಿಸುವಷ್ಟು ಎಚ್ಚರಿಕೆಯಿಂದ ಅವುಗಳ ಶೀರ್ಷಿಕೆಗಳನ್ನು ಪರೀಕ್ಷಿಸುವುದು ವಿರಳ. ಒಂದು ರೋಗವು ಯಾವ ಹೆಸರಿನಲ್ಲಿ, ಯಾವ ಅಧ್ಯಾಯದಲ್ಲಿ ಎಣಿಕೆಗೆ ಬಂದಿತೆಂಬುದನ್ನು ತಿಳಿಯದೆ ಅದು ಹೆಚ್ಚಿತೆಂದಾಗಲಿ ತಗ್ಗಿತೆಂದಾಗಲಿ ನಿರ್ಣಯಿಸುವುದು ಸಾಧುವಲ್ಲ. ಉದರದ ಅಭಿಧಮನಿಗಳಲ್ಲಿ ರಕ್ತವು ಹೆಪ್ಪುಗಟ್ಟುವ ರೋಗವನ್ನು ಇದಕ್ಕೆ ನಿದರ್ಶನವಾಗಿ ಇಲ್ಲಿ ಪರಿಶೀಲಿಸುತ್ತೇವೆ.

1855ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಎರಡು ಪಟ್ಟಿಗಳಿದ್ದವು. ಇಂಗ್ಲೆಂಡಿನ ವಿಲಿಯಂ ಫಾರ್ ರೋಗಗಳನ್ನು ಮುಖ್ಯವಾಗಿ ಅಂಗಸ್ಥಾನಕ್ಕನುಸಾರವಾಗಿ ಜೋಡಿಸಿದನು. ಜಿನೀವಾದ ಮಾರ್ಕ್ ದೆಸ್ಪೀನ್ ರೋಗದ ಸ್ವಭಾವವನ್ನು ಆಧಾರವಾಗಿ ಹಿಡಿದನು. 1893ರಲ್ಲಿ ಝಾಕ್ ಬೆರ್ತಿಯೋನನು ಚಿಕಾಗೋ ನಗರದಲ್ಲಿ ಮಂಡಿಸಿದ ಪಟ್ಟಿ ಫಾರನ ತತ್ತ್ವವನ್ನೇ ಅನುಸರಿಸಿತು. 1900ರಲ್ಲಿ ಅದರ ಮೊದಲ ಪರಿಷ್ಕರಣವಾಯಿತು. 1948ರ ಆರನೆಯ ಪರಿಷ್ಕರಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮರಣಕಾರಣಗಳೊಡನೆ ಕಾಯಿಲೆಗಳನ್ನೂ ಸೇರಿಸಿತು.

ಅಂಗಸ್ಥಾನದ ತತ್ತ್ವವು ರಕ್ತದ ಹೆಪ್ಪಿನ ವಿಷಯದಲ್ಲಿ ತೊಡಕಿಗೆ ಸಿಲುಕುತ್ತದೆ. ಹೆಪ್ಪು ಕಟ್ಟುವುದು ರಕ್ತನಾಳದಲ್ಲಿ; ಕೆಡುವುದು ಯಕೃತ್ತು ಅಥವಾ ಕರುಳು. ಹಾಗಾದರೆ ಇದು ಯಾವುದರ ರೋಗ? 1990ರಲ್ಲಿ ಅಂಗೀಕೃತವಾದ ಹತ್ತನೆಯ ಪರಿಷ್ಕರಣವು ಇದಕ್ಕೆ ಒಂದೇ ಉತ್ತರವನ್ನು ಕೊಡಲಿಲ್ಲ. ಪೋರ್ಟಲ್ ಅಭಿಧಮನಿಯ ಹೆಪ್ಪಿಗೆ ರಕ್ತಪರಿಚಲನೆಯ ಅಧ್ಯಾಯದಲ್ಲಿ ಐ 81 ಎಂಬ ಪ್ರತ್ಯೇಕ ಸಂಕೇತ ದೊರೆಯಿತು. ಅದೇ ನಾಳದ ಉರಿಯೂತವಾದರೋ ಕೆ 75.1 ಎಂದು ಯಕೃತ್ತಿನ ರೋಗಗಳಲ್ಲಿ ಸೇರಿತು. ಬಡ್ ಮತ್ತು ಕಿಯಾರಿ ಎಂಬ ವೈದ್ಯರ ಹೆಸರು ಹೊತ್ತ, ಯಕೃತ್ತಿನಿಂದ ರಕ್ತ ಹೊರಹರಿಯುವ ಅಭಿಧಮನಿಗಳು ಕಟ್ಟಿಕೊಳ್ಳುವ ರೋಗವು ಐ 82.0 ಆಯಿತು. ಕರುಳಿನ ಅಭಿಧಮನಿಗಳ ಹೆಪ್ಪು ಪಚನಾಂಗಗಳ ಅಧ್ಯಾಯದ ಕೆ 55.0ಕ್ಕೆ ಹೋಯಿತು. ಕರುಳಿನ ಅಪಧಮನಿಗಳ ತಡೆಯೂ ಅದೇ ಸಂಕೇತದಲ್ಲಿ ಅಡಕವಾಗಿದೆ. ಆದುದರಿಂದ ಸಂಕೇತವೊಂದನ್ನೇ ನೋಡಿ ಅಪಧಮನಿಯೋ ಅಭಿಧಮನಿಯೋ ಎಂದು ಹೇಳಲಾಗದು.

ಇದು ಕೇವಲ ಗುಮಾಸ್ತರ ಗೊಂದಲವಲ್ಲವೆಂಬುದು 2021ರಲ್ಲಿ ಸ್ಪಷ್ಟವಾಯಿತು. ಆ ವರ್ಷದ ಏಪ್ರಿಲ್ 7ರಂದು ಐರೋಪ್ಯ ಔಷಧ ಸಂಸ್ಥೆಯ ಸುರಕ್ಷಾ ಸಮಿತಿಯು, ಭಾರತದಲ್ಲಿ ಕೋವಿಶೀಲ್ಡ್ ಎಂದು ತಯಾರಾದ ಆಸ್ಟ್ರಾಜೆನೆಕಾ ಲಸಿಕೆಯ ವಿಷಯವಾಗಿ ತನ್ನ ನಿರ್ಣಯವನ್ನು ಪ್ರಕಟಿಸಿತು. ಮಾರ್ಚ್ 22ರವರೆಗೆ ವರದಿಯಾಗಿದ್ದ, ಮೆದುಳಿನ ಅಭಿಧಮನಿಗಳ ಹೆಪ್ಪಿನ 62 ಮತ್ತು ಉದರದ ಅಭಿಧಮನಿಗಳ ಹೆಪ್ಪಿನ 24 ಪ್ರಸಂಗಗಳನ್ನು ಅದು ಪರಿಶೀಲಿಸಿತ್ತು. ಅವುಗಳಲ್ಲಿ 18 ಮಂದಿ ಮೃತರಾಗಿದ್ದರು. ಲಸಿಕೆಯಿಲ್ಲದ ಕಾಲದಲ್ಲಿ ಇಂತಹ ಪ್ರಸಂಗಗಳು ಎಷ್ಟು ಸಂಭವಿಸುತ್ತಿದ್ದವೆಂದು ತಿಳಿದಾಗಲೇ 24 ಎಂಬ ಅಂಕಿ ಅರ್ಥವತ್ತಾಗುತ್ತದೆ. ಅದನ್ನು ತಿಳಿಯಲು ಆಸ್ಪತ್ರೆಯ ಹಳೆಯ ದಾಖಲೆಗಳನ್ನೇ ಆಶ್ರಯಿಸಬೇಕು. ಐ 81 ಒಂದನ್ನೇ ಎಣಿಸಿದವರಿಗೆ ಒಂದು ಸಂಖ್ಯೆ, ಕೆ 55.0ವನ್ನೂ ಕೂಡಿಸಿದವರಿಗೆ ಮತ್ತೊಂದು ಸಂಖ್ಯೆ ಲಭಿಸುವುದು ಅನಿವಾರ್ಯ.

2019ರಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣವು ಪೋರ್ಟಲ್ ಅಭಿಧಮನಿಯ ಹೆಪ್ಪನ್ನು ಯಕೃತ್ತಿನ ರಕ್ತನಾಳಗಳ ರೋಗಗಳ ಗುಂಪಿಗೆ ವರ್ಗಾಯಿಸಿದೆ. ಮುಂದೆ ಈ ಪಟ್ಟಿಗಳನ್ನು ಹೋಲಿಸುವವರಿಗೆ ರಕ್ತಪರಿಚಲನೆಯ ಅಧ್ಯಾಯದಲ್ಲಿ ಇಳಿಕೆಯೂ ಪಚನಾಂಗಗಳ ಅಧ್ಯಾಯದಲ್ಲಿ ಏರಿಕೆಯೂ ಕಾಣಬಹುದು. ಆ ಮಟ್ಟಿಗೆ ಬದಲಾದುದು ರೋಗಿಗಳ ಸ್ಥಿತಿಯಲ್ಲ, ಪಟ್ಟಿಯ ಕ್ರಮ ಮಾತ್ರ. ಆದಕಾರಣ ಯಾವುದೇ ಅಂಕಿಯನ್ನು ಪ್ರಮಾಣವಾಗಿ ಸ್ವೀಕರಿಸುವ ಮುನ್ನ, ಅದು ಯಾವ ಪರಿಷ್ಕರಣಕ್ಕೆ ಸೇರಿದುದೆಂಬುದನ್ನು ವಿದ್ಯಾರ್ಥಿಗಳು ಮೊದಲು ವಿಚಾರಿಸುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.