ಹಾಸಿಗೆ ಬಿಟ್ಟು ಎಲೆ ಹಿಡಿದ ‘ಹೋಟೆಲು’

ಹರಿಯಾಣದ ಮಾನೇಸರ್‌ನಲ್ಲಿ ಹೆದ್ದಾರಿಯ ಪಕ್ಕದ ಫಲಕಗಳನ್ನು ಓದುತ್ತ ಹೋಗುವುದೆಂದರೆ ನಮ್ಮಂಥ ಪದಪ್ರಿಯರಿಗೆ ಊಟಕ್ಕೆ ಮೊದಲೇ ಅರ್ಧ ಹೊಟ್ಟೆ ತುಂಬಿದಂತೆ. ಭೋಜನಾಲಯ, ಢಾಬಾ, ವೈಷ್ಣೋ ಢಾಬಾ, ರೆಸ್ಟೋರೆಂಟ್, ಫ್ಯಾಮಿಲಿ ರೆಸ್ಟೋರೆಂಟ್, ನಡುನಡುವೆ ಹೋಟಲ್. ಮೋಟಾರು ಕಾರ್ಖಾನೆಗಳ ಕೆಲಸಕ್ಕೆಂದು ಬಂದು ನೆಲೆಸಿರುವ ಕನ್ನಡದ ಸಂಸಾರಗಳು ಭಾನುವಾರ ‘ಇವತ್ತು ಅಡುಗೆ ಬೇಡ, ಹೋಟೆಲಿಗೆ ಹೋಗೋಣ’ ಎಂದು ಹೊರಡುತ್ತವಷ್ಟೆ? ಹಾಗೆ ಹೊರಟವರು ದಾರಿಯಲ್ಲಿ ಯಾರನ್ನಾದರೂ ‘ಒಳ್ಳೇ ಹೋಟೆಲ್ ಎಲ್ಲಿದೆ’ ಎಂದು ಹಿಂದಿಯಲ್ಲಿ ಕೇಳಿದರೆ, ‘ಎಷ್ಟು ದಿನ ಉಳೀತೀರಿ’ ಎಂಬ ಮರುಪ್ರಶ್ನೆ ಬಂದರೂ ಬರಬಹುದು. ಕೇಳಿದವರ ಮನಸ್ಸಿನಲ್ಲಿರುವುದು ಮಸಾಲೆ ದೋಸೆ, ಕೇಳಿಸಿಕೊಂಡವರ ಮನಸ್ಸಿನಲ್ಲಿರುವುದು ಮಂಚ. ಲಾರಿ ಓಡಿಸುವವರನ್ನು ಕೇಳಿದ್ದರೆ ಈ ತೊಡಕಿರುತ್ತಿರಲಿಲ್ಲ. ಅವರ ಹಿಂದಿಯಲ್ಲಿ ಹೋಟಲ್ ಎಂದರೆ ರೊಟ್ಟಿ ಸಿಗುವ ಜಾಗವೇ. ತಮಿಳರು, ತೆಲುಗರು, ಮರಾಠಿಗರು ಕೂಡ ನಮ್ಮ ಪಕ್ಷದವರೇ. ಮಂಚವಿಲ್ಲದ ಮನೆಗೆ ಈ ಹೆಸರು ಹೇಗೆ ಬಂತು, ಬಂದು ಹೇಗೆ ಬೇರೂರಿತು ಎಂಬುದನ್ನು ನಾವು ನೀವು ಸ್ವಲ್ಪ ಸಾವಕಾಶವಾಗಿ ನೋಡಬೇಕು.

ಮೂಲದಲ್ಲಿ ಇದು ಲ್ಯಾಟಿನ್ ಸಂತಾನ. ‘ಹೊಸ್ಪೆಸ್’ ಎಂದರೆ ಅತಿಥಿಯೂ ಹೌದು, ಆತಿಥೇಯನೂ ಹೌದು. ಬಾಗಿಲಿನ ಒಳಗಿದ್ದವನಿಗೂ ಹೊರಗಿದ್ದವನಿಗೂ ಒಂದೇ ಹೆಸರು. ಅದರಿಂದ ಹುಟ್ಟಿದ ‘ಹೊಸ್ಪಿತಾಲೆ’ ಅತಿಥಿಗಳು ತಂಗುವ ಮನೆ. ಫ್ರೆಂಚರ ಬಾಯಲ್ಲಿ ಅದು ‘ಹೊಸ್ತೆಲ್’ ಆಗಿ, ಕಾಲಕ್ರಮದಲ್ಲಿ ಸಕಾರ ಸವೆದು ‘ಓತೆಲ್’ ಆಯಿತು. ಸವೆದುಹೋದ ಸಕಾರದ ನೆನಪಿಗೆ ಅವರು ಒಕಾರದ ತಲೆಯ ಮೇಲೆ ಇಂದಿಗೂ ಒಂದು ಪುಟ್ಟ ಛಾವಣಿ ಬರೆಯುತ್ತಾರೆ. ಅಲ್ಲಿ ಸಿರಿವಂತರ ದೊಡ್ಡ ಮನೆಯೂ ಓತೆಲ್, ನಗರಸಭೆಯ ಕಟ್ಟಡವೂ ಓತೆಲ್, ಪ್ಯಾರಿಸಿನ ಹಳೆಯ ಆಸ್ಪತ್ರೆಯ ಹೆಸರೂ ಓತೆಲ್-ದ್ಯೂ. ಇಂಗ್ಲಿಷರು ಈ ಮನೆತನದಿಂದ ಬೇರೆ ಬೇರೆ ಕಾಲದಲ್ಲಿ ಮೂವರನ್ನು ಕರೆತಂದರು: ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್. ಮೂವರೂ ಕನ್ನಡಕ್ಕೆ ಬಂದು, ಹಿರಿಯಣ್ಣ ‘ಆಸ್ಪತ್ರೆ’ ಎಂಬ ಅಚ್ಚುಕಟ್ಟಾದ ತದ್ಭವವಾಗಿ ನಿಂತ. ತೆಲುಗಿನ ಆಸುಪತ್ರಿ, ಮಲೆಯಾಳದ ಆಶುಪತ್ರಿಗಳೂ ಅವನೇ. ಮೂವರಲ್ಲಿ ಇಬ್ಬರು ತವರಿನ ಹಾಸಿಗೆಯನ್ನು ಕಾಪಾಡಿಕೊಂಡಿದ್ದಾರೆ: ಆಸ್ಪತ್ರೆಯಲ್ಲಿ ಹಾಸಿಗೆ ಉಂಟು, ಹಾಸ್ಟೆಲಿನಲ್ಲಿಯೂ ಉಂಟು. ಹೋಟೆಲು ಮಾತ್ರ ನಮ್ಮ ನೆಲಕ್ಕೆ ಕಾಲಿಟ್ಟೊಡನೆ ಹಾಸಿಗೆ ಸುತ್ತಿಟ್ಟು ಎಲೆ ಹಾಕಿ ಕೂತಿತು. ಇಲ್ಲಿ ಇನ್ನೊಂದು ಮೋಜು. ಮಂಡ್ಯದ ಕಡೆಯ ಗೌಡರು ಹಕಾರ ನುಂಗಿ ‘ಓಟ್ಲು’ ಎನ್ನುತ್ತಾರಲ್ಲ, ಪ್ಯಾರಿಸಿನವರೂ ಹಕಾರ ನುಂಗಿಯೇ ಅನ್ನುವುದು. ಇಂಗ್ಲಿಷ್ ಓದಿದ ನಾವು ನಡುವೆ ನಿಂತು ಹಕಾರ ಸೇರಿಸಿಕೊಂಡು ಶುದ್ಧವಾಗಿ ನುಡಿದೆವೆಂದು ಬೀಗುತ್ತೇವೆ.

ಹಾಸಿಗೆ ಏಕೆ ಬಿದ್ದುಹೋಯಿತು? ತಂಗುವ ಜಾಗಕ್ಕೆ ನಮ್ಮಲ್ಲಿ ಹೆಸರಿನ ಬರವಿರಲಿಲ್ಲ. ಸತ್ರ, ಛತ್ರ, ಧರ್ಮಶಾಲೆ, ಮುಸಾಫಿರಖಾನೆ, ಸರಾಯಿ, ಮಠ, ಕಡೆಗೆ ಊರಾಚೆಯ ಮಂಟಪ. ಇವುಗಳಲ್ಲಿ ಸತ್ರದ ಕಥೆಯೇ ಒಂದು ಪುರಾಣ: ವೇದಕಾಲದಲ್ಲಿ ಅದು ಬಹುದಿನ ನಡೆಯುವ ಸೋಮಯಾಗ, ಶಾಸನಗಳ ಕಾಲಕ್ಕೆ ಅನ್ನದಾನದ ಮನೆ, ಆಮೇಲೆ ‘ಕೊಡೆ’ ಎಂಬ ಅರ್ಥದ ಛತ್ರದೊಡನೆ ಉಚ್ಚಾರದಲ್ಲಿ ಬೆರೆತು ದಾರಿಹೋಕರ ತಂಗುಮನೆ, ಈಗ ಬಾಡಿಗೆಗೆ ಸಿಗುವ ಮದುವೆ ಮನೆ. ಯಜ್ಞದಿಂದ ಹೋಳಿಗೆಯವರೆಗೆ ಒಂದೇ ಶಬ್ದ ನಡೆದು ಬಂದಿದೆ. ಉಳಿಯುವ ಮನೆಗೂ ಉಣ್ಣುವ ಮನೆಗೂ ನಡುವಣ ಗೆರೆ ನಮ್ಮಲ್ಲಿ ಎಂದೂ ಗಟ್ಟಿಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಛಾಂದೋಗ್ಯ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದ ಮೊದಲಿನಲ್ಲೇ ಇದೆ. ಜಾನಶ್ರುತಿ ಎಂಬ ದೊರೆ, ಎಲ್ಲೆಲ್ಲಿಯೂ ಜನ ತನ್ನ ಅನ್ನವನ್ನೇ ಉಣ್ಣಲಿ ಎಂಬ ಆಸೆಯಿಂದ, ಎಲ್ಲೆಲ್ಲಿಯೂ ‘ಆವಸಥ’ಗಳನ್ನು ಕಟ್ಟಿಸಿದನಂತೆ. ಆವಸಥದ ಧಾತು ‘ವಸ್’, ವಾಸ ಮಾಡುವುದು. ಮನೆ ಕಟ್ಟಿಸಿದ್ದು ಮಲಗಲು, ಮನಸ್ಸಿನಲ್ಲಿದ್ದದ್ದು ಉಣಿಸಲು!

ಹಾಗಾದರೆ ದುಡ್ಡಿಗೆ ಅನ್ನ ಹಾಕುವವರಿಗೆ ಹೆಸರಿರಲಿಲ್ಲವೆ? ಇತ್ತು, ಅದೂ ಚೆಂದದ ಹೆಸರು. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಔದನಿಕ’ ಬರುತ್ತಾನೆ. ಓದನ, ಅಂದರೆ ಬೆಂದ ಅನ್ನವನ್ನು ಮಾರುವವನು. ಅವನ ಪಕ್ಕದಲ್ಲೇ ಬೇಯಿಸಿದ ಮಾಂಸ ಮಾರುವ ‘ಪಾಕ್ವಮಾಂಸಿಕ’. ಇವರು ಗುರುತು ಪರಿಚಯವಿದ್ದವರನ್ನು ಮನೆಯಲ್ಲಿ ಉಳಿಸಿಕೊಳ್ಳಬಹುದೆಂದು ಕೌಟಿಲ್ಯನ ಅಪ್ಪಣೆ. ಇಂದಿನ ಶಾಕಾಹಾರಿ ಹೋಟೆಲಿನವನನ್ನೂ ಮಿಲಿಟರಿ ಹೋಟೆಲಿನವನನ್ನೂ ಇಷ್ಟು ಚೊಕ್ಕವಾಗಿ ಬೇರ್ಪಡಿಸುವ ಜೋಡಿ ನಮಗೆ ಮತ್ತೆ ಸಿಕ್ಕಿಲ್ಲ. ಆದರೆ ಓದನವು ‘ದಧ್ಯೋದನ’ವಾಗಿ ದೇವಸ್ಥಾನದ ನೈವೇದ್ಯದಲ್ಲಿ ಉಳಿಯಿತೇ ಹೊರತು ಔದನಿಕ ಕನ್ನಡದ ಬೀದಿಗೆ ಇಳಿಯಲಿಲ್ಲ. ತೆಲುಗಿನಲ್ಲಿ ‘ಪೂಟಕೂಳ್ಳ ಇಲ್ಲು’ ಇತ್ತು, ಹೊತ್ತಿನ ಕೂಳಿನ ಮನೆ. ‘ಕ್ರೀಡಾಭಿರಾಮಮು’ ಎಂಬ ಹಳೆಯ ಕೃತಿಯಲ್ಲಿ ಓರುಗಲ್ಲಿನ, ಅಂದರೆ ಇಂದಿನ ವಾರಂಗಲ್ಲಿನ, ಅಂಥ ಮನೆಯ ಊಟದ ವರ್ಣನೆ ಬಾಯಲ್ಲಿ ನೀರೂರಿಸುವಷ್ಟಿದೆ.

ಕನ್ನಡಕ್ಕೆ ಬಂದರೆ, ಆ ಹೆಸರು ನಮ್ಮ ನಾಲಿಗೆಯ ಮೇಲೆಯೇ ಇದೆ, ಗುರುತು ಹಿಡಿಯುವವರು ಕಡಮೆ. ಅಡುಗೂಲಜ್ಜಿ! ಅಡಗೂಲಜ್ಜಿ, ಅಡ್ಗೂಲಜ್ಜಿ, ಅಡುಗೂಳಜ್ಜಿ ಎಂದು ಊರಿಗೊಂದು ರೂಪ. ಅಡು ಎಂದರೆ ಬೇಯಿಸು, ಕೂೞ್ ಎಂದರೆ ಅನ್ನ, ಕಕಾರಕ್ಕೆ ಗಕಾರ ಆದೇಶವಾಗಿ ಅಡುಗೂೞ್. ೞಕಾರ ಲಿಪಿಯಿಂದ ಮಾಯವಾದ ಮೇಲೆ ಕೆಲವರ ಬಾಯಲ್ಲಿ ಳಕಾರ, ಹಲವರ ಬಾಯಲ್ಲಿ ಲಕಾರ. ನಮ್ಮ ಜನಪದ ಕಥೆಗಳ ರಾಜಕುಮಾರ ಏಳು ಸಮುದ್ರ ದಾಟಿ ಗುರುತಿಲ್ಲದ ಪಟ್ಟಣಕ್ಕೆ ಬಂದಾಗ ಇಳಿದುಕೊಳ್ಳುವುದು ಎಲ್ಲಿ? ಅಡುಗೂಲಜ್ಜಿಯ ಮನೆಯಲ್ಲಿ. ಅವಳು ಅವನ ಕೈಯ ಹೊನ್ನನ್ನು ಸೆರಗಿಗೆ ಕಟ್ಟಿಕೊಂಡು, ಅನ್ನ ಬಸಿಯುತ್ತ, ಊರಿನ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಚಾವಡಿಯಲ್ಲಿ ಚಾಪೆಯನ್ನೂ ಹಾಸಿಕೊಡುತ್ತಾಳೆ. ಕೌಟಿಲ್ಯ ಹೇಳಿದ ಔದನಿಕ ಇವಳೇ ಅಲ್ಲವೆ? ಆದರೆ ಅಜ್ಜಿ ಹೇಳಿದ ಸುದ್ದಿಯ ಮೇಲೆ ಎಲ್ಲರ ಕಿವಿ ನಿಂತು, ಅವಳ ಒಲೆಯನ್ನು ಮರೆತೆವು. ಈಗ ‘ಅಡಗೂಲಜ್ಜಿ ಕಥೆ’ ಎಂದರೆ ನಂಬಲಾಗದ ಹಳಸಲು ಕಥೆ. ಅವಳ ಹೆಸರಿನಲ್ಲಿದ್ದ ಕೂಳಿಗೂ ಮಾನ ಉಳಿಯಲಿಲ್ಲ: ಹಳಗನ್ನಡದಲ್ಲಿ ಮರ್ಯಾದೆಯ ಅನ್ನವಾಗಿದ್ದ ಕೂೞ್ ಇವತ್ತು ‘ಕೂಳಿಗೆ ದಂಡ’ ಎಂಬ ಬೈಗುಳ. ಹೀಗಾಗಿ ಹೋಟೆಲ್ ಎಂಬ ಮಾತು ಕಡಲು ದಾಟಿ ಬಂದಾಗ ತಂಗುವ ಮನೆಯ ಜಾಗ ಭರ್ತಿಯಾಗಿತ್ತು, ಉಣ್ಣುವ ಮನೆಯ ಜಾಗ ಖಾಲಿಯಾಗಿತ್ತು. ಮಾತು ಖಾಲಿ ಜಾಗದಲ್ಲಿ ಕೂತಿತು ಎಂದೇ ನನ್ನ ಊಹೆ.

ಅದೊಂದೇ ಕೂತದ್ದಲ್ಲ, ವಾಸದ ಮಾತುಗಳ ಒಂದು ಮೆರವಣಿಗೆಯೇ ಹಿಂದೆ ಬಂತು. ಭವನ, ನಿವಾಸ, ವಿಲಾಸ, ಲಂಚ್ ಹೋಮ್, ಟಿಫಿನ್ ರೂಮ್. ಎಲ್ಲ ಇರುವ ಮನೆಗಳು, ಯಾವುದರಲ್ಲಿಯೂ ಇರುವಂತಿಲ್ಲ, ತಿಂದು ಏಳಬೇಕು. ಬೆಂಗಳೂರಿನಲ್ಲಿ 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂದು ಹುಟ್ಟಿದ್ದು ಆಮೇಲೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು: ಕ್ಲಬ್ಬಿನಲ್ಲಿ ಸದಸ್ಯತ್ವವಿರಲಿಲ್ಲ, ರೂಮಿನಲ್ಲಿ ಮಂಚವಿಲ್ಲ. ಗಾಂಧಿ ಬಜಾರಿನ 1943ರ ವಿದ್ಯಾರ್ಥಿ ಭವನದಲ್ಲಿ ವಿದ್ಯಾರ್ಥಿಗಳು ವಾಸವಿಲ್ಲ. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ರಾಮ ನಾಯಕರು ತೆರೆದದ್ದು ‘ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್’. ಇಲ್ಲಿ ಮಾತ್ರ ಮೂಲಾರ್ಥ ಒಂದಿಷ್ಟೂ ಕೆಟ್ಟಿಲ್ಲ, ಏಕೆಂದರೆ ಇಂಗ್ಲಿಷಿನ ಬೋರ್ಡ್ ಎಂದರೆ ಹಲಗೆ, ಹಲಗೆಯಿಂದ ಊಟದ ಮೇಜು, ಮೇಜಿನಿಂದ ಅದರ ಮೇಲಿನ ಊಟ. ನಾವು ಬೋರ್ಡಿಂಗ್ ಶಾಲೆಯ ಗುಂಗಿನಲ್ಲಿ ಅದನ್ನು ವಸತಿ ಎಂದುಕೊಂಡದ್ದೇ ಹೆಚ್ಚು. ವಸತಿಯ ಅರ್ಥಕ್ಕೆ ಇದ್ದದ್ದು ಜೋಡಿಪದದ ಎರಡನೆಯ ಅರ್ಧವಾದ ಲಾಡ್ಜಿಂಗ್. ಆ ಲಾಡ್ಜಿನ ಬೇರನ್ನು ಅಗೆದರೆ ಹಳೆಯ ಜರ್ಮಾನಿಕ್ ಭಾಷೆಯ ಎಲೆಯೇ ಸಿಗುತ್ತದೆಂದು, ಸೊಪ್ಪುಸದೆಯ ಚಪ್ಪರವೇ ಅದರ ಮೊದಲ ಅರ್ಥವೆಂದು ಅಲ್ಲಿಯ ನಿರುಕ್ತಕಾರರು ಹೇಳುತ್ತಾರೆ. ಅಂದರೆ ಅದು ನಮ್ಮ ಪರ್ಣಶಾಲೆ. ಎಲೆಯಿಂದ ಹುಟ್ಟಿದ ಮಾತಿಗೆ ಮಂಚ ಹೋಯಿತು, ಮಂಚದಿಂದ ಹುಟ್ಟಿದ ಮಾತಿಗೆ ಎಲೆ ಬಂತು. ಪಾಪ, ಪರ್ಣಶಾಲೆಯ ಹೆಸರೂ ಕೆಟ್ಟಿತು. ಲಾಡ್ಜು ಎಂದೊಡನೆ ಹಿರಿಯರ ಹುಬ್ಬು ಗಂಟಾಗುವುದರಿಂದ ಈಚೆಗೆ ಊರಿಗೆ ಹೋದವರು ‘ಹೋಟೆಲಲ್ಲಿ ಉಳ್ಕೊಂಡಿದ್ವಿ’ ಎನ್ನತೊಡಗಿದ್ದಾರೆ, ಹಳೆಯ ಹಾಸಿಗೆ ಮೆಲ್ಲಗೆ ವಾಪಸಾಗುತ್ತಿದೆ. ಅತ್ತ 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಿಂದ ‘ದರ್ಶಿನಿ’ ಹುಟ್ಟಿತು. ಮಂಚ ಹೋಗಿದ್ದ ಮನೆಯಿಂದ ಕುರ್ಚಿಯೂ ಹೋಯಿತು, ನಿಂತುಕೊಂಡೇ ತಿನ್ನು.

ಢಾಬಾದಲ್ಲಿ ಇದಕ್ಕೆ ತದ್ವಿರುದ್ಧ. ಮಾನೇಸರ್ ದಾಟಿ ಮುಂದೆ ಹೋದರೆ ಹಳೆಯ ಬಗೆಯ ಢಾಬಾಗಳಲ್ಲಿ ನಾಲ್ಕು ಕಾಲಿನ ಹಗ್ಗದ ಮಂಚ, ಅವರ ಚಾರ್‌ಪಾಯಿ, ಬಯಲಿನಲ್ಲೇ ಹಾಕಿರುತ್ತದೆ. ಮಂಚದ ಅಗಲಕ್ಕೆ ಒಂದು ಹಲಗೆ. ಲಾರಿಯವನು ಮಂಚದ ಒಂದು ತುದಿಯಲ್ಲಿ ಕಾಲು ಮಡಿಚಿ ಕೂರುತ್ತಾನೆ, ಹುಡುಗ ಹಲಗೆಯ ಮೇಲೆ ದಾಲ್, ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ ಇಟ್ಟು ಹೋಗುತ್ತಾನೆ. ಊಟವಾದ ಮೇಲೆ ಹಲಗೆ ಎತ್ತಿ ಪಕ್ಕಕ್ಕೆ ಒರಗಿಸಿದರೆ ಅದೇ ಮಂಚದ ಮೇಲೆ ನಿದ್ದೆ. ಬೋರ್ಡಿಂಗೂ ಲಾಡ್ಜಿಂಗೂ ಇಷ್ಟು ಅಕ್ಷರಶಃ ಕೂಡಿರುವುದು ಬೇರೆಲ್ಲೂ ಕಾಣೆ. ಈ ಢಾಬಾ ನಮ್ಮ ಕಡೆಗೆ ಇಳಿದು ಬಂದು ಮಹಾಪ್ರಾಣ ಕಳೆದುಕೊಂಡು ‘ಡಾಬಾ’ ಆದಾಗ ಶೀಲವನ್ನೂ ಬದಲಿಸಿತು. ಅಲ್ಲಿ ‘ವೈಷ್ಣೋ ಢಾಬಾ’ ಎಂದರೆ ಈರುಳ್ಳಿಗೂ ಹೆದರುವಂಥ ಶಾಕಾಹಾರವಿರಬಹುದು. ಇಲ್ಲಿ ಮಗ ಗೆಳೆಯರ ಜೊತೆ ಡಾಬಾಕ್ಕೆ ಹೋದನೆಂದರೆ ಮನೆಯವರು ಅವನು ಬಂದ ಮೇಲೆ ಬಾಯಿ ಮೂಸುತ್ತಾರೆ. ವೈಷ್ಣವ ಪದವೂ ಅಷ್ಟೇ: ನಮಗೆ ಅದು ನಾಮದ ಮಾತು, ಮುದ್ರೆಯ ಮಾತು, ಅವರಿಗೆ ಸೊಪ್ಪು ತರಕಾರಿಯ ಮಾತು.

ಹೋಟೆಲಿನ ಒಡನಾಡಿಗಳನ್ನೂ ಒಮ್ಮೆ ಮಾತನಾಡಿಸಿ ಮುಗಿಸೋಣ. ಎಲೆ ಹಾಕಿ ಬಡಿಸುವ ‘ಮಾಣಿ’ ಮೊದಲು ಉಪನಯನವಾದ ವಟು, ಬಲಿಯ ಮುಂದೆ ನಿಂತ ವಾಮನ. ಕುಂದಾಪುರದ ಕಡೆ ಇಂದಿಗೂ ಯಾವ ಹುಡುಗನಾದರೂ ಮಾಣಿಯೇ. ಅಲ್ಲಿಯ ಹುಡುಗರು ಘಟ್ಟ ಹತ್ತಿ ಹೋಟೆಲು ಸೇರಿದ್ದರಿಂದ ಘಟ್ಟದ ಮೇಲೆ ಆ ಮಾತಿಗೆ ಬಡಿಸುವವನೆಂದೇ ಅರ್ಥ. ಒಡೆಯ ‘ಹೋಟೆಲೋದ್ಯಮಿ’: ಹಲಂತವಾದ ಮ್ಲೇಚ್ಛಪದಕ್ಕೆ ಗುಟ್ಟಾಗಿ ಒಂದು ಅಕಾರ ಹಚ್ಚಿ, ಉದ್ಯಮಿಯ ಉಕಾರದೊಡನೆ ಗುಣಸಂಧಿ ಮಾಡಿಸಿದ್ದಾರೆ ನಮ್ಮ ಪತ್ರಿಕೆಯವರು. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಒಪ್ಪುತ್ತಿದ್ದನೋ ಇಲ್ಲವೋ, ನನಗಂತೂ ಇಷ್ಟ.

ಇನ್ನು ಉತ್ತರ ಕರ್ನಾಟಕದ ‘ಖಾನಾವಳಿ’. ಮಾನೇಸರ್ ಪಕ್ಕದ ರಾಷ್ಟ್ರೀಯ ಹೆದ್ದಾರಿ 48 ಜೈಪುರ, ಅಹಮದಾಬಾದ್, ಮುಂಬಯಿ, ಪುಣೆಗಳನ್ನು ದಾಟಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಯ ಕಡೆಯೇ ಇಳಿದು, ದಾವಣಗೆರೆ, ತುಮಕೂರು, ಬೆಂಗಳೂರು ಹಾದು ಚೆನ್ನೈ ಸೇರುತ್ತದೆ. ಹಾಗಾಗಿ ಒಂದೇ ರಸ್ತೆಯ ಒಂದು ಕಡೆ ಢಾಬಾ, ಇನ್ನೊಂದು ಕಡೆ ಹೋಟ್ಲು, ನಡುವೆ ಖಾನಾವಳಿ, ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯೊಡನೆ. ಮರಾಠಿಯ ‘ಖಾಣಾವಳ್’ ಇದರ ತವರು, ತಿನ್ನು ಎಂಬರ್ಥದ ಧಾತು ಒಳಗಿದೆ. ನಮ್ಮ ಕಿವಿಗೆ ಮಾತ್ರ ನಾಮಾವಳಿ, ದೀಪಾವಳಿಗಳ ‘ಆವಳಿ’ ಕೇಳಿಸಿ, ಊಟದ ಪಂಕ್ತಿಯೇ ಕಣ್ಣ ಮುಂದೆ ಬರುತ್ತದೆ. ಆದರೆ ನಾನು ಹೇಳಹೊರಟದ್ದು ಖಾನಾ ಎಂಬ ಮೊದಲರ್ಧದ ಸಂಗತಿ. ಪಾರಸಿಯ ಖಾನಾ ಎಂದರೆ ಮನೆ: ಕಾರಖಾನೆ, ಮುಸಾಫಿರಖಾನೆ, ದವಾಖಾನೆ. ಹಿಂದಿಯ ಖಾನಾ ಎಂದರೆ ಊಟ, ಸಂಸ್ಕೃತದ ಖಾದನದ ಮೊಮ್ಮಗ. ಎರಡಕ್ಕೂ ರಕ್ತಸಂಬಂಧವಿಲ್ಲ, ಆದರೂ ನಾಗರಿಯಲ್ಲಿ ಬರೆದರೆ ಅಕ್ಷರಕ್ಕೆ ಅಕ್ಷರ ಒಂದೇ. ಇರುವ ಮನೆ ಉಣ್ಣುವ ಮನೆಯಾಗಲು ಹೋಟೆಲಿಗೆ ಕಡಲು ದಾಟಬೇಕಾಯಿತು. ಇಲ್ಲಿ ಕೂತಲ್ಲೇ ಆ ಕೆಲಸ ಆಗಿದೆ. ಮಾನೇಸರ್‌ನ ಕೆಲಸಗಾರ ಮಧ್ಯಾಹ್ನ ಕಾರ್‌ಖಾನಾದಿಂದ ಖಾನಾಕ್ಕೆ ಹೊರಡುತ್ತಾನೆ. ಧಾರವಾಡದವರು ಆಸ್ಪತ್ರೆಗೆ ‘ದವಾಖಾನಿ’ ಎನ್ನುತ್ತಾರೆ. ರೋಗಿಯನ್ನು ಒಳಗೆ ಮಲಗಿಸಿ ಬಂದವರು ಎದುರಿನ ಖಾನಾವಳಿಯಲ್ಲಿ ಎರಡು ರೊಟ್ಟಿ ಮುರಿಯುತ್ತಾರೆ.