ಎರಡು ಕಿಂಡಿಯ ಯಂತ್ರ

ಸುವರ್ಣಗಡ್ಡೆ ಮೂಲವ್ಯಾಧಿಗೆ ಒಳ್ಳೆಯದು ಎಂಬ ಮಾತು ಅಂಕೋಲೆಯ ಭಾವಿಕೇರಿಯಿಂದ ಮಂಗಳೂರಿನವರೆಗೆ ಕರಾವಳಿಗೆ ಹೊಸತಲ್ಲ. ಸಂಸ್ಕೃತದಲ್ಲಿ ಈ ಗಡ್ಡೆಗೆ ‘ಅರ್ಶೋಘ್ನ’, ಅಂದರೆ ಮೂಲವ್ಯಾಧಿಯನ್ನು ಕೊಲ್ಲುವುದು ಎಂಬ ಹೆಸರೇ ಉಂಟು. ಗಡ್ಡೆ ಅಡುಗೆಮನೆಯಲ್ಲಿ ಉಳಿಯಿತು. ಅದೇ ರೋಗಕ್ಕೆ ಹಿಂದಿನ ವೈದ್ಯರು ಬಳಸುತ್ತಿದ್ದ ಉಪಕರಣ ಮಾತ್ರ ಜನರಿಗೆ ಮರೆತೇಹೋಯಿತು.

ಅದರ ಹೆಸರು ಅರ್ಶೋಯಂತ್ರ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 6ನೆಯ ಅಧ್ಯಾಯದಲ್ಲಿ ಅದರ ವಿವರವಿದೆ. ಆಕಳ ಮೊಲೆಯ ಆಕಾರದ ಕೊಳವೆ; ಲೋಹ, ದಂತ, ಕೊಂಬು ಅಥವಾ ಮರದ್ದು. ಗಂಡಸರಿಗೆ 4 ಅಂಗುಲ ಉದ್ದ, 5 ಅಂಗುಲ ಸುತ್ತಳತೆ. ಹೆಂಗಸರಿಗೆ ಸುತ್ತಳತೆ 6 ಅಂಗುಲ. ಹೊರಗಿನ ತುದಿಯ ಬಳಿ ಉಬ್ಬಿದ ಬಳೆಯಂಥ ಅಂಚು ಇರಬೇಕು.

ಕುತೂಹಲದ ಸಂಗತಿ ಅದರ ಕಿಂಡಿಗಳದ್ದು. ನೋಡುವುದಕ್ಕೆ ಎರಡು ಕಿಂಡಿಯ ಯಂತ್ರ, ಚಿಕಿತ್ಸೆಗೆ ಒಂದೇ ಕಿಂಡಿಯದು. ಒಂದೇ ದಾರಿಯಿದ್ದರೆ ಶಸ್ತ್ರ, ಕ್ಷಾರ, ಬೆಂಕಿ ಮೀರಿಹೋಗಿ ಪಕ್ಕದ ಭಾಗವನ್ನು ಕೆಡಿಸುವುದಿಲ್ಲ ಎಂದು ಗ್ರಂಥವೇ ಕಾರಣ ಕೊಡುತ್ತದೆ. ಯಂತ್ರಕ್ಕೆ ತುಪ್ಪ ಸವರಬೇಕು. ಕ್ಷಾರ ಹಚ್ಚಿದ ಮೇಲೆ 100 ಎಣಿಸುವಷ್ಟು ಹೊತ್ತು ಕಾಯಬೇಕು. ಮೊಳಕೆಗಳು ಹಲವಿದ್ದರೆ 7 ದಿನಕ್ಕೊಂದರಂತೆ ಚಿಕಿತ್ಸೆ ಮಾಡಬೇಕು. ರೋಗಿಯ ನೋವನ್ನು ಬಲ್ಲವರ ಮಾತು ಇದು.

ಇಂಥ ಪ್ರಯತ್ನ ಬೇರೆಡೆಯೂ ನಡೆದಿತ್ತು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೇ ನಗರದಲ್ಲಿ, ಗುದದ್ವಾರವನ್ನು ಅಗಲಿಸಿ ನೋಡುವ ಕಂಚಿನ ಉಪಕರಣ ಸಿಕ್ಕಿದೆ. ಕೊಳವೆಯೇನೋ ಇತ್ತು, ಒಳಗೆ ಬೆಳಕು ಹಾಯಿಸುವುದು ಹೇಗೆ? ಸುಶ್ರುತ ರೋಗಿಯನ್ನು ಸೂರ್ಯನ ಬೆಳಕಿಗೆ ಒಡ್ಡಿ ಮಲಗಿಸಿದ. 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವೈದ್ಯ ಫಿಲಿಪ್ ಬೊಜ್ಜಿನಿ ಮೇಣದಬತ್ತಿ ಮತ್ತು ಕನ್ನಡಿಯಿಂದ ದೇಹದೊಳಗೆ ಬೆಳಕು ಹಾಯಿಸುವ ಸಾಧನ ರಚಿಸಿದ. ಮುಂದೆ ವಿದ್ಯುತ್ ದೀಪ ಬಂತು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಬಾಗುವ ಕೊಳವೆಯ ಕೊಲೊನೊಸ್ಕೋಪ್ ಬಂದು ದೊಡ್ಡ ಕರುಳನ್ನೆಲ್ಲ ನೋಡುವುದು ಸಾಧ್ಯವಾಯಿತು. ಆದರೂ ಮೂಲವ್ಯಾಧಿಯ ಮೊದಲ ಪರೀಕ್ಷೆಗೆ ವೈದ್ಯರು ಕೈಗೆತ್ತಿಕೊಳ್ಳುವ ಪ್ರಾಕ್ಟೊಸ್ಕೋಪ್ ಈಗಲೂ ಒಂದು ಗಿಡ್ಡ ಕೊಳವೆಯೇ.

ಉಪಕರಣ ಸುಧಾರಿಸಿದರೂ ನಾಚಿಕೆ ಕಡಿಮೆಯಾಗಿಲ್ಲ. ಮಲದಲ್ಲಿ ರಕ್ತ ಕಂಡರೆ ಹಲವರು ಅದು ಮೂಲವ್ಯಾಧಿಯೇ ಎಂದು ತಾವೇ ತೀರ್ಮಾನಿಸಿ, ಗಡ್ಡೆಯ ಪಲ್ಯ, ಮಜ್ಜಿಗೆಗಳಲ್ಲಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಕರುಳಿನ ಕ್ಯಾನ್ಸರಿನಲ್ಲೂ ಹೀಗೆಯೇ ರಕ್ತ ಹೋಗಬಹುದು. ಎರಡನ್ನೂ ಬೇರ್ಪಡಿಸಬೇಕಾದರೆ ಒಳಗೆ ನೋಡಲೇಬೇಕು. ಚಿಕಿತ್ಸೆಯ ಯಂತ್ರದ ಜೊತೆಗೆ ನೋಡುವುದಕ್ಕೆಂದೇ ಇನ್ನೊಂದನ್ನು ಸುಶ್ರುತ ಹೇಳಿದ್ದು ಸುಮ್ಮನೆ ಅಲ್ಲ.