ಕೈಯಲ್ಲಿ ವಾಕಿಟಾಕಿ, ಗಾಡಿ ಮೇಲೆ ಕಡ್ಡಿ

ಜಾತ್ರೆಗೋ ಚುನಾವಣೆಗೋ ಬಂದೋಬಸ್ತ್‌ಗೆ ಬಂದ ಪೊಲೀಸ್ ಜೀಪನ್ನು ಒಮ್ಮೆ ಗಮನಿಸಿ ನೋಡಿ. ಪೊಲೀಸರ ಕೈಯಲ್ಲಿ ವಾಕಿಟಾಕಿ, ಅದಕ್ಕೆ ಗೇಣುದ್ದದ ರಬ್ಬರ್ ಕಡ್ಡಿ. ಜೀಪಿನ ಮೇಲೆ ಇನ್ನೊಂದು ಉದ್ದನೆಯ ಕಡ್ಡಿ. ಕೈಯಲ್ಲೇ ಒಂದು ಇರುವಾಗ ಗಾಡಿಗೆ ಬೇರೆ ಯಾಕೆ?

ಕಡ್ಡಿ ಅಂತಲೋ ಏರಿಯಲ್ ಅಂತಲೋ ನಾವು ಕರೆಯುವ ಈ ಆಂಟೆನಾಗೆ ಎರಡು ಚರಿತ್ರೆಗಳಿವೆ. ಒಂದು, ಮಾತನ್ನು ಗಾಡಿಯಿಂದ ಹೊರಗೆ, ದೂರಕ್ಕೆ ಕಳಿಸಲು ಜನ ಕಲಿತದ್ದು ಹೇಗೆ ಅನ್ನುವುದು. ಇನ್ನೊಂದು, ಹಾಗೆ ಮಾತಾಡಲು ಯಾರಿಗೆ ಅನುಮತಿ ಸಿಕ್ಕಿತು ಅನ್ನುವುದು. ಆನ್‌ಲೈನ್‌ನಲ್ಲಿ ವಾಕಿಟಾಕಿ ತರಿಸಿ ಪಿಕಪ್ ಗಾಡಿಗೆ ಹಾಕಿಕೊಳ್ಳೋಣ ಅಂದುಕೊಂಡವರು ಎರಡನ್ನೂ ತಿಳಿದಿರಬೇಕು. ಮೊದಲನೆಯದನ್ನು ಮಾತ್ರ ತಿಳಿದರೆ ಮಾತು ದೂರ ಹೋಗುತ್ತದೆ, ಜೊತೆಗೆ ಕೇಸೂ ಮನೆಗೆ ಬರಬಹುದು.

ಒಂದು ತುದಿ ಆಕಾಶಕ್ಕೆ, ಒಂದು ತುದಿ ಮಣ್ಣಿಗೆ

1890ರ ದಶಕದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಜಗದೀಶ್ ಚಂದ್ರ ಬೋಸ್ ಅವರು ತಂತಿಯೇ ಇಲ್ಲದೆ ದೂರದ ಗಂಟೆ ಬಾರಿಸಿ ತೋರಿಸಿದರು. 1895ರಲ್ಲಿ ಇಟಲಿಯ ಮಾರ್ಕೋನಿ ತನ್ನ ಅಪ್ಪನ ಹೊಲದಲ್ಲಿ ಪ್ರಯೋಗ ಮಾಡುತ್ತಿದ್ದಾಗ ಸಿಗ್ನಲ್ ಕೆಲವು ನೂರು ಮೀಟರ್ ದಾಟುತ್ತಿರಲಿಲ್ಲ. ಆತ ತಂತಿಯ ಒಂದು ತುದಿಯನ್ನು ಎತ್ತರಕ್ಕೆ ಏರಿಸಿದ, ಯಂತ್ರದ ಇನ್ನೊಂದು ಕಡೆಯನ್ನು ನೆಲಕ್ಕೆ ಅರ್ಥ್ ಮಾಡಿದ. ಸಿಗ್ನಲ್ ಗುಡ್ಡ ದಾಟಿ ಎರಡು ಕಿಲೋಮೀಟರ್ ಆಚೆ ಮುಟ್ಟಿತು. ಎತ್ತರ ಮತ್ತು ಅರ್ಥ್, ಇವೆರಡನ್ನು ನೆನಪಿಟ್ಟುಕೊಳ್ಳಿ. ಮುಂದೆ ಜೀಪಿನ ಮೇಲೂ ಇದೇ ಬರುತ್ತದೆ.

ಗಾಡಿಗೆ ರೇಡಿಯೋ ಬೇಗನೆ ತಂದವರಲ್ಲಿ ಪೊಲೀಸರೂ ಇದ್ದರು. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಕಾರುಗಳಿಗೆ ರೇಡಿಯೋ ಹಾಕಿಸಿದರು. ಆದರೆ ಕಾರಿನವರು ಕೇಳಬಹುದಿತ್ತು ಅಷ್ಟೇ. ಉತ್ತರ ಕೊಡಬೇಕಾದರೆ ಇಳಿದು ಫೋನ್ ಹುಡುಕಬೇಕಿತ್ತು. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಊರಿನ ಪೊಲೀಸರು ಕಾರಿನಿಂದಲೇ ತಿರುಗಿ ಮಾತಾಡುವ ವ್ಯವಸ್ಥೆ ತಂದರು.

ಕೈಯಲ್ಲಿ ಹಿಡಿಯುವ ಸೆಟ್ ಬಂದದ್ದು ಎರಡನೇ ಮಹಾಯುದ್ಧದಲ್ಲಿ. ಮೋಟೊರೋಲಾ ಕಂಪನಿ ಸೈನಿಕರಿಗೆ ಎರಡು ಬಗೆಯ ಸೆಟ್ ಮಾಡಿಕೊಟ್ಟಿತು. ಒಂದನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕಿತ್ತು, ತೂಕ ಹದಿನೈದು ಕೆಜಿ ಮೇಲೆ. ‘ವಾಕಿಟಾಕಿ’ ಅನ್ನುವ ಹೆಸರು ಅಂಟಿಕೊಂಡದ್ದು ಅದಕ್ಕೆ. ಇನ್ನೊಂದು ಕೈಯಲ್ಲಿ ಹಿಡಿಯುವಂಥದ್ದು, ಎರಡು ಕೆಜಿ ಚಿಲ್ಲರೆ. ಈ ಚಿಕ್ಕದಕ್ಕೆ ಆನ್ ಮಾಡುವ ಗುಂಡಿಯೇ ಇರಲಿಲ್ಲ. ಕಡ್ಡಿಯನ್ನು ಹೊರಕ್ಕೆ ಎಳೆದರೆ ಆನ್ ಆಗುತ್ತಿತ್ತು.

ನಮ್ಮ ದೇಶದಲ್ಲಿ ರಾಜ್ಯಗಳ ಪೊಲೀಸ್ ವೈರ್‌ಲೆಸ್ ಕೆಲಸವನ್ನು ಹೊಂದಿಸಲು ಕೇಂದ್ರದಲ್ಲಿ ಒಂದು ಸಂಸ್ಥೆ ಶುರುವಾದದ್ದು 1946ರಲ್ಲಿ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್ ಹುಟ್ಟಿತು. ಸೈನ್ಯಕ್ಕೆ ಬೇಕಾದ ರೇಡಿಯೋ ಸೆಟ್‌ಗಳು ನಮ್ಮ ನೆರೆಯಲ್ಲೇ ತಯಾರಾಗತೊಡಗಿದವು.

ತಗಡಿನ ಡಬ್ಬಿಯೊಳಗಿನ ಮಾತು

ಈಗ ಮೊದಲ ಪ್ರಶ್ನೆಗೆ ಬರೋಣ. ಕಾರು, ಜೀಪು, ವ್ಯಾನು ಎಲ್ಲವೂ ಕಬ್ಬಿಣದ ತಗಡಿನ ಡಬ್ಬಿ. ರೇಡಿಯೋ ಅಲೆ ತಗಡನ್ನು ತೂರಿ ಹೋಗುವುದಿಲ್ಲ, ಕಿಟಕಿಯಲ್ಲಿ ನುಸುಳಿದಷ್ಟೇ ಹೊರಗೆ ಹೋಗುತ್ತದೆ. ಒಳಗೆ ಕೂತು ವಾಕಿಟಾಕಿಯಲ್ಲಿ ಮಾತಾಡುವುದು ಮುಚ್ಚಿದ ಕೋಣೆಯಿಂದ ಬೀದಿಯವರನ್ನು ಕೂಗಿದ ಹಾಗೆ. ಅದರ ಮೇಲೆ ಆ ಗಿಡ್ಡ ರಬ್ಬರ್ ಕಡ್ಡಿ ಜೇಬಿನ ಅನುಕೂಲಕ್ಕೆ ಮಾಡಿದ್ದು, ದೂರಕ್ಕಲ್ಲ.

ಅದಕ್ಕೆ ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು, ಸರಳ ದಾರಿ ಕಂಡುಕೊಂಡರು. ರಬ್ಬರ್ ಕಡ್ಡಿ ಬಿಚ್ಚಿ, ಆ ಜಾಗಕ್ಕೆ ತೆಳುವಾದ ಕೇಬಲ್ ಸಿಕ್ಕಿಸಿ, ಬಾಗಿಲ ಸಂದಿಯಿಂದ ಹೊರಗೆ ತಂದು, ಚಾವಣಿಯ ನಡುವೆ ಆಯಸ್ಕಾಂತದ ತಳವಿರುವ ಆಂಟೆನಾ ಕೂರಿಸುವುದು. ಸೆಟ್ ಅದೇ, ಬ್ಯಾಟರಿ ಅದೇ. ಮಾತು ಮಾತ್ರ ಎಷ್ಟೋ ದೂರ ಮುಟ್ಟುತ್ತದೆ. ಮಾರ್ಕೋನಿಯ ಮಣ್ಣಿನ ಕೆಲಸವನ್ನು ಇಲ್ಲಿ ಚಾವಣಿಯ ತಗಡೇ ಮಾಡುತ್ತದೆ. ಫೈಬರ್ ಚಾವಣಿಯ ಗಾಡಿಗೋ ರೆಕ್ಸಿನ್ ಹೊದಿಕೆಯ ಆಟೋಗೋ ಇದು ಹೊಂದುವುದಿಲ್ಲ. ಅಲ್ಲಿ ತಗಡೂ ಇಲ್ಲ, ಆಯಸ್ಕಾಂತ ಹಿಡಿದುಕೊಳ್ಳುವುದೂ ಇಲ್ಲ.

ಕಡ್ಡಿಯ ಉದ್ದಕ್ಕೂ ಲೆಕ್ಕವಿದೆ. ಅಲೆಯ ಉದ್ದದ ಕಾಲು ಭಾಗ ಇರಬೇಕು. ಹ್ಯಾಮ್‌ಗಳು ಬಳಸುವ 145 ಮೆಗಾಹರ್ಟ್ಸ್‌ಗೆ ಸುಮಾರು ಅರ್ಧ ಮೀಟರ್. 446 ಮೆಗಾಹರ್ಟ್ಸ್‌ಗೆ 17 ಸೆಂಟಿಮೀಟರ್. ಅಳತೆ ತಪ್ಪಿದ ಕಡ್ಡಿ ಹಾಕಿದರೆ ಶಕ್ತಿ ಹೊರಗೆ ಹೋಗದೆ ಸೆಟ್‌ಗೇ ವಾಪಸ್ ಬಂದು ಅದು ಬಿಸಿಯಾಗುತ್ತದೆ. ಕಡ್ಡಿಯೇ ಇಲ್ಲದೆ ಗುಂಡಿ ಒತ್ತಿದರೆ ಸೆಟ್ ಸುಟ್ಟೇ ಹೋಗಬಹುದು.

ಒಂದೇ ರಸ್ತೆ, ನಡುವೆ ಬೆಟ್ಟ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ನಾಲ್ಕೂ ಊರು ಒಂದೇ ಹೆದ್ದಾರಿಯಲ್ಲಿವೆ. ಹಿಂದೆ 234 ಅನ್ನುತ್ತಿದ್ದರು, ಈಗ 69. ರಸ್ತೆಯಲ್ಲಿ ಬಸ್ ಸಲೀಸಾಗಿ ಹೋಗುತ್ತದೆ. ವಾಕಿಟಾಕಿಯ ಅಲೆ ಹಾಗಲ್ಲ, ಅದು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ. ಅಡ್ಡ ಬೆಟ್ಟ ಬಂದರೆ ಅಲ್ಲಿಗೆ ಮುಗಿಯಿತು.

ಬೆಟ್ಟವೇ ಇಲ್ಲದ ಬಯಲಿನಲ್ಲೂ ಭೂಮಿ ಗುಂಡಗಿರುವುದರಿಂದ ಮಿತಿ ಇದೆ. ನೆಲದಿಂದ ಎರಡು ಮೀಟರ್ ಎತ್ತರದ ಗಾಡಿಯ ಕಡ್ಡಿಗೆ ಸುಮಾರು 6 ಕಿಲೋಮೀಟರ್. ಎದುರಿನ ಗಾಡಿಗೂ ಅಷ್ಟೇ ಎತ್ತರದ ಕಡ್ಡಿ ಇದ್ದರೆ ಎರಡೂ ಸೇರಿ 12. ಸೆಟ್‌ನ ಶಕ್ತಿ ಎಷ್ಟೇ ಹೆಚ್ಚಿಸಿದರೂ ಈ ಗೆರೆಯ ಆಚೆ ದೊಡ್ಡ ಲಾಭವಿಲ್ಲ. ಬೇಕಾದದ್ದು ಎತ್ತರ. ಎತ್ತರ ನಾಲ್ಕು ಪಟ್ಟಾದರೆ ದೂರ ಎರಡು ಪಟ್ಟಾಗುತ್ತದೆ.

ನಂದಿ ಬೆಟ್ಟ ಸಮುದ್ರ ಮಟ್ಟದಿಂದ 1,478 ಮೀಟರ್. ಸುತ್ತಲಿನ ಬಯಲಿಗಿಂತ ಐನೂರು ಮೀಟರ್‌ಗೂ ಮೇಲೆ. ಅದೇ ಲೆಕ್ಕ ಹಾಕಿದರೆ ಬೆಟ್ಟದ ನೆತ್ತಿಯಿಂದ 90 ಕಿಲೋಮೀಟರ್ ದಾಟುತ್ತದೆ. ನಡುವೆ ಬೇರೆ ಗುಡ್ಡ ಮರೆಯಾಗದಿದ್ದರೆ ನಾಲ್ಕೂ ಊರು ಆ ಅಳತೆಯೊಳಗೆ ಬರುತ್ತವೆ. ಒಂದು ಕಡೆಯ ಮಾತು ಕೇಳಿ ಇನ್ನೊಂದು ಕಡೆಗೆ ಜೋರಾಗಿ ಹೇಳುವ ರಿಪೀಟರ್ ಯಂತ್ರಗಳನ್ನು ಎಲ್ಲೆಡೆ ಎತ್ತರದ ಜಾಗದಲ್ಲಿ ಇಡುವುದು ಇದಕ್ಕೇ.

ಆಂಟೆನಾದ ಮಹಿಮೆ ಕಣ್ಣಾರೆ ನೋಡಬೇಕಾದರೆ ಗೌರಿಬಿದನೂರಿನ ಹತ್ತಿರದ ರೇಡಿಯೋ ವೀಕ್ಷಣಾಲಯ ಇದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1970ರ ದಶಕದಲ್ಲಿ ಅಲ್ಲಿ 34.5 ಮೆಗಾಹರ್ಟ್ಸ್‌ನ ದೂರದರ್ಶಕ ಕಟ್ಟಿದವು. ಅದರಲ್ಲಿ ಗಾಜಿಲ್ಲ, ಕನ್ನಡಿಯಿಲ್ಲ. ಸುಮಾರು ಸಾವಿರ ಆಂಟೆನಾಗಳನ್ನು ‘ಟಿ’ ಆಕಾರದಲ್ಲಿ ಬಯಲಿನಲ್ಲಿ ನಿಲ್ಲಿಸಿದ್ದರು. ಉದ್ದದ ಸಾಲು ಒಂದೂಕಾಲು ಕಿಲೋಮೀಟರ್‌ಗೂ ಹೆಚ್ಚು. ಅವು ಮಾತಾಡುತ್ತಿರಲಿಲ್ಲ, ಆಕಾಶದ ಕ್ಷೀಣ ಅಲೆಗಳನ್ನು ಕೇಳಿಸಿಕೊಳ್ಳುತ್ತಿದ್ದವು. ಸೂರ್ಯನನ್ನು ಗಮನಿಸಲೆಂದೇ ಇನ್ನೊಂದು ಆಂಟೆನಾ ಸಾಲು 1997ರಲ್ಲಿ ಅಲ್ಲೇ ಶುರುವಾಯಿತು. ಜೀಪಿನ ಮೇಲಿನ ಒಂದು ಕಡ್ಡಿಯೂ ಆ ಸಾವಿರ ಆಂಟೆನಾಗಳೂ ಒಂದೇ ಜಾತಿಯವು.

ಯಾರು ಮಾತಾಡಬಹುದು?

ಇದು ಎರಡನೆಯ ಚರಿತ್ರೆ. ಬ್ರಿಟಿಷರು 1885ರಲ್ಲಿ ಟೆಲಿಗ್ರಾಫ್ ಕಾಯ್ದೆ ತಂದರು. 1933ರ ವೈರ್‌ಲೆಸ್ ಕಾಯ್ದೆ ಇನ್ನೂ ಬಿಗಿ. ಮಾತಾಡುವುದಿರಲಿ, ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಂಡರೇ ತಪ್ಪು. ಹಾಡು ಕೇಳುವ ರೇಡಿಯೋಗೂ ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕ ಮಾಡಿಸುತ್ತಿದ್ದುದು ಮನೆಯ ಹಿರಿಯರಿಗೆ ನೆನಪಿರುತ್ತದೆ. 1980ರ ದಶಕದಲ್ಲಿ ಅದು ನಿಂತಿತು. ಆದರೆ ಕೇಳುವುದು ಬಿಡುಗಡೆಯಾಯಿತೇ ಹೊರತು ಮಾತಾಡುವುದಲ್ಲ. ಆ ಎರಡು ಹಳೆಯ ಕಾಯ್ದೆಗಳ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಮಾಡಿದರು. ಅದರಲ್ಲೂ ಅನುಮತಿಯ ಮಾತು ಹಾಗೇ ಇದೆ.

2018ರ ನಿಯಮಗಳಲ್ಲಿ ಒಂದು ಸಣ್ಣ ಕಿಟಕಿ ತೆರೆಯಿತು. 446.0ರಿಂದ 446.2 ಮೆಗಾಹರ್ಟ್ಸ್‌ನೊಳಗಿನ ಕಡಿಮೆ ಶಕ್ತಿಯ ವಾಕಿಟಾಕಿಗೆ ಲೈಸೆನ್ಸ್ ಬೇಡ, ಆದರೆ ಆ ಮಾದರಿಗೆ ಸರ್ಕಾರದ ಒಪ್ಪಿಗೆ ಇರಬೇಕು. ಇವು ಹತ್ತಿರದ ಮಾತಿಗೆ ಮಾಡಿದ ಸೆಟ್‌ಗಳು. ಯುರೋಪಿನಲ್ಲಿ ಈ ವರ್ಗದ ಸೆಟ್‌ಗೆ ಅರ್ಧ ವಾಟ್ ಮಿತಿ, ಆಂಟೆನಾ ಬಿಚ್ಚಲು ಬರುವ ಹಾಗೇ ಇಲ್ಲ. ಚಾವಣಿ ಮೇಲೆ ಕಡ್ಡಿ ಹಾಕಿ ದೂರ ಮಾತಾಡಲು ಈ ಕಿಟಕಿ ಸಾಲುವುದಿಲ್ಲ.

ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ಎಷ್ಟೋ ಸೆಟ್‌ಗಳು ಇದರ ಹೊರಗಿನವು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಆನ್‌ಲೈನ್ ಮಾರಾಟ ತಾಣಗಳಿಗೆ ಇದೇ ಕಾರಣಕ್ಕೆ ನೋಟಿಸ್ ಕೊಟ್ಟಿತು. ಯಾವ ಫ್ರೀಕ್ವೆನ್ಸಿ, ಲೈಸೆನ್ಸ್ ಬೇಕೋ ಬೇಡವೋ ಅನ್ನುವುದನ್ನು ಹೇಳದೆ ಮಾರುತ್ತಿದ್ದಾರೆ ಅನ್ನುವುದು ದೂರು. ಇಂಥ ಸೆಟ್ ಪೊಲೀಸರ ಅಥವಾ ಬೇರೆ ಸೇವೆಯ ಅಲೆಗೆ ಅಡ್ಡ ಬಂದರೆ ಯಾರದೋ ಜೀವಕ್ಕೆ ಸಂಬಂಧಿಸಿದ ಮಾತು ನಿಂತುಹೋಗುತ್ತದೆ. ಕಡ್ಡಿ ಹೊರಗೆ ಹಾಕಿದಷ್ಟೂ ಆ ಅಡ್ಡಿ ದೂರದವರೆಗೆ ಹಬ್ಬುತ್ತದೆ.

ಹಾಗಾದರೆ ಹಳ್ಳಿಯವರಿಗೆ ದಾರಿಯೇ ಇಲ್ಲವೇ? ಇದೆ, ಪರೀಕ್ಷೆಯ ದಾರಿ. ಹ್ಯಾಮ್ ಲೈಸೆನ್ಸ್‌ಗೆ 12 ವರ್ಷ ತುಂಬಿರಬೇಕು, ಕೇಂದ್ರ ಸರ್ಕಾರ ನಡೆಸುವ ಪರೀಕ್ಷೆ ಪಾಸಾಗಬೇಕು. ಎರಡು ದರ್ಜೆಗಳಿವೆ. ಕೆಳಗಿನ ದರ್ಜೆಗೆ ಮೋರ್ಸ್ ಕೋಡ್ ಬೇಕಿಲ್ಲ. ಕರೆಗುರುತು ‘ವಿಯು3’ ಎಂದು ಶುರುವಾಗುತ್ತದೆ. ಈ ಲೈಸೆನ್ಸ್‌ನಲ್ಲಿ ಟೊಮೆಟೊ, ರೇಷ್ಮೆಗೂಡಿನ ರೇಟು ಮಾತಾಡುವಂತಿಲ್ಲ. ವ್ಯಾಪಾರಕ್ಕೆ ಅಲ್ಲಿ ಜಾಗವಿಲ್ಲ. ಆದರೆ ಆಪತ್ತಿನಲ್ಲಿ ನೆರವಾಗಬಹುದು. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್‌ಗಳು ಅಂಡಮಾನಿನ ಸುದ್ದಿಯನ್ನು ದೇಶಕ್ಕೆ ಮುಟ್ಟಿಸಿದ್ದರು.

2021ರ ನವೆಂಬರ್ ಮಳೆಗೆ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಹರಿದವು. ಮರು ತಿಂಗಳೇ ಚಿಕ್ಕಬಳ್ಳಾಪುರದ ಕಡೆ ಭೂಮಿ ನಡುಗಿತು. ನಮ್ಮಲ್ಲೂ ಆಪತ್ತು ಬರುತ್ತದೆ. ಕರೆಂಟ್ ಹೋಗಿ ಮೊಬೈಲ್ ಟವರ್‌ನ ಬ್ಯಾಟರಿ ಮುಗಿದರೆ ಕೈಯಲ್ಲಿರುವ ಫೋನ್ ಬರೀ ಟಾರ್ಚ್. ಆಗ ಬೇಕಾಗುವುದು ಚಾರ್ಜ್ ಆದ ಒಂದು ಸೆಟ್, ಗಾಡಿಯ ಮೇಲೊಂದು ಕಡ್ಡಿ, ಕಾನೂನು ಪ್ರಕಾರ ಮಾತಾಡಬಲ್ಲ ಒಬ್ಬ ಮನುಷ್ಯ. ಮೊದಲೆರಡನ್ನು ದುಡ್ಡು ಕೊಟ್ಟು ತರಬಹುದು. ಮೂರನೆಯದಕ್ಕೆ ನಮ್ಮ ಹೈಸ್ಕೂಲು, ಕಾಲೇಜಿನ ಮಕ್ಕಳೇ ಪರೀಕ್ಷೆಗೆ ಕೂರಬೇಕು. ನಾಲ್ಕು ಊರಿಗೆ ನಾಲ್ಕು ಜನ ಸಿಕ್ಕರೂ ಸಾಕು, ಶುರುವಾಗುತ್ತದೆ. ಎತ್ತರಕ್ಕೆ ನಂದಿ ಬೆಟ್ಟ ಇದ್ದೇ ಇದೆ.